ಸಣ್ಣ ಸಂಸ್ಥೆಯ ಆನ್‌ಲೈನ್ ಅಭಿಯಾನ: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಹಾಸನ ಜಿಲ್ಲೆಯ ಆಲೂರು ಕಡೆಯ ಒಂದು ಸಣ್ಣ ಟ್ರಸ್ಟ್ ಅಂದುಕೊಳ್ಳೋಣ. ರಿಜಿಸ್ಟರ್ ಆಗಿದೆ. ಆದಾಯ ತೆರಿಗೆ ರಿಯಾಯಿತಿಯ 12ಎ, 80ಜಿ ನೋಂದಣಿ ಎರಡೂ ಇವೆ. ಆಫೀಸು ಅಂದರೆ ಕಾರ್ಯದರ್ಶಿಯವರ ಮನೆಯ ಮುಂದಿನ ಕೋಣೆ. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವೈದ್ಯರ ಹುದ್ದೆ ಖಾಲಿ ಬಿದ್ದಿದೆ, ಜ್ವರ ಬಂದರೂ ಹಾಸನಕ್ಕೇ ಓಡಬೇಕು. ಇದಕ್ಕೊಂದು ಅಭಿಯಾನ ಮಾಡೋಣ, ಆನ್‌ಲೈನ್‌ನಲ್ಲೇ ಮಾಡೋಣ ಅಂತ ಮೀಟಿಂಗ್‌ನಲ್ಲಿ ತೀರ್ಮಾನವಾಗುತ್ತದೆ. ಬೆಂಗಳೂರಿನಲ್ಲಿರುವ ಯಾರೋ ಒಬ್ಬರು ‘ಇದಕ್ಕೆಲ್ಲ ರೆಡಿ ಸಾಫ್ಟ್‌ವೇರ್ ಇದೆ’ ಎಂದು ಲಿಂಕ್ ಕಳಿಸುತ್ತಾರೆ. ತೆರೆದು ನೋಡಿದರೆ ಬೆಲೆ ಡಾಲರ್‌ನಲ್ಲಿದೆ, ಅದೂ ತಿಂಗಳ ಲೆಕ್ಕ. ಪಟ್ಟಿಯಲ್ಲಿ ಜನ ಜಾಸ್ತಿಯಾದಷ್ಟೂ ಬೆಲೆಯೂ ಜಾಸ್ತಿ.

ಕೊಡಬೇಕಾ? ಬೇಡ ಅನ್ನುವುದು ನನ್ನ ಅಭಿಪ್ರಾಯ. ಆ ದುಡ್ಡು ಯಾವ ಕೆಲಸಕ್ಕೆ ಹೋಗುತ್ತದೆ ಎಂದು ಬಿಡಿಸಿ ನೋಡಿದರೆ ಕಾರಣ ಗೊತ್ತಾಗುತ್ತದೆ.

ಪಿನ್ ಕೋಡ್‌ನ ಸಮಸ್ಯೆ

ನೇಷನ್‌ಬಿಲ್ಡರ್, ಎವ್ರಿಆ್ಯಕ್ಷನ್, ಆ್ಯಕ್ಷನ್ ನೆಟ್‌ವರ್ಕ್ ಹೀಗೆ ಹೆಸರು ಬೇರೆ ಬೇರೆ. ಕೆಲಸ ಹೆಚ್ಚುಕಡಿಮೆ ಒಂದೇ. ಬೆಂಬಲಿಸುವವರ ಹೆಸರು, ಊರು, ಇಮೇಲ್ ಸೇರಿಸುತ್ತವೆ. ಅವರಿಗೆಲ್ಲ ಒಟ್ಟಿಗೆ ಸಂದೇಶ ಕಳಿಸುತ್ತವೆ. ಯಾರು ತೆರೆದು ಓದಿದರು, ಯಾರು ಸಹಿ ಹಾಕಿದರು, ಯಾರು ಸುಮ್ನೆ ಇದ್ದರು ಎಂದು ಲೆಕ್ಕ ಇಡುತ್ತವೆ. ಇಷ್ಟನ್ನು ಪುಕ್ಕಟೆ ಸಾಧನಗಳಲ್ಲೂ ಮಾಡಬಹುದು. ಈ ಥರದ ಸಾಫ್ಟ್‌ವೇರ್‌ನ ಹೆಚ್ಚುಗಾರಿಕೆ ಇರುವುದು ಇನ್ನೊಂದು ಕಡೆ. ಬೆಂಬಲಿಗರು ತಮ್ಮ ವಿಳಾಸ ಬರೆದ ಕೂಡಲೇ ಅವರ ಜನಪ್ರತಿನಿಧಿ ಯಾರು ಎಂದು ಹುಡುಕಿ, ಪತ್ರವನ್ನೋ ಫೋನ್ ಕರೆಯನ್ನೋ ಆ ಕಚೇರಿಗೇ ಮುಟ್ಟಿಸುವುದು. ಅಮೆರಿಕದಲ್ಲಿ ವಿಳಾಸ, ಜಿಪ್ ಕೋಡ್ ಕೊಟ್ಟರೆ ಅಲ್ಲಿನ ಸಂಸತ್ ಸದಸ್ಯರ ಹೆಸರು ತೆಗೆದುಕೊಡುವ ಪಟ್ಟಿಗಳು ಸಿದ್ಧವಿವೆ. ಅವರ ಮೈಗೆ ಹೊಲಿದ ಅಂಗಿ ಅದು.

ನಮ್ಮ ಪಿನ್ ಕೋಡ್ ಹಾಗಿಲ್ಲ. 1972ರ ಆಗಸ್ಟ್ 15ರಂದು ಬಂದ ಈ ಆರು ಅಂಕಿ ಇರುವುದು ಅಂಚೆ ಹಂಚಲಿಕ್ಕೆ. ಮತಕ್ಷೇತ್ರದ ಗಡಿಗೂ ಅದಕ್ಕೂ ಸಂಬಂಧ ಇಲ್ಲ. ನಮ್ಮ ಹಾಸನ, ಚಿಕ್ಕಮಗಳೂರು ಜಿಲ್ಲೆಗಳನ್ನೇ ನೋಡಿ. ಕಡೂರು ಇರುವುದು ಚಿಕ್ಕಮಗಳೂರು ಜಿಲ್ಲೆಯಲ್ಲಿ, ಆದರೆ ಲೋಕಸಭೆಗೆ ಅದು ಹಾಸನ ಕ್ಷೇತ್ರ. ಚಿಕ್ಕಮಗಳೂರು, ಮೂಡಿಗೆರೆ, ಶೃಂಗೇರಿ, ತರೀಕೆರೆ ಸೇರಿರುವುದು ಉಡುಪಿ-ಚಿಕ್ಕಮಗಳೂರಿಗೆ. ಅಂದರೆ ಮೂಡಿಗೆರೆಯವರಿಗೂ ಕುಂದಾಪುರದವರಿಗೂ ಒಬ್ಬರೇ ಸಂಸದರು, ಕಡೂರಿನವರಿಗೂ ಹೊಳೆನರಸೀಪುರದವರಿಗೂ ಒಬ್ಬರೇ. ಆಲೂರಿನವರು ವಿಧಾನಸಭೆಗೆ ವೋಟು ಹಾಕುವುದು ಸಕಲೇಶಪುರ ಕ್ಷೇತ್ರದಲ್ಲಿ. ಊರಿನಲ್ಲಿ ಯಾರನ್ನು ಕೇಳಿದರೂ ಇದನ್ನು ಹೇಳುತ್ತಾರೆ. ಪಿನ್ ಕೋಡ್ ನೋಡಿ ಸಾಫ್ಟ್‌ವೇರ್ ಹೇಳಲಾರದು.

ಇನ್ನೂ ಒಂದು ಮಾತಿದೆ. ವೈದ್ಯರ ಹುದ್ದೆಯ ಫೈಲ್ ಶಾಸಕರ ಹತ್ತಿರ ಇರುವುದಿಲ್ಲ. ಅದು ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ), ಅವರ ಮೇಲೆ ಬೆಂಗಳೂರಿನ ಆಯುಕ್ತರ ಕಚೇರಿ, ಈ ದಾರಿಯಲ್ಲಿ ಓಡಾಡುತ್ತದೆ. ಶಾಸಕರು ಒಂದು ಮಾತು ಹೇಳಿದರೆ ಅನುಕೂಲ, ಅದು ಬೇರೆ. ಆದರೆ ನಮ್ಮ ಜಿಲ್ಲಾ ಮಟ್ಟದ ಬೇಡಿಕೆಗಳಲ್ಲಿ ಬಹುಪಾಲು ಅಧಿಕಾರಿಯ ಮೇಜಿನ ಮೇಲಿನ ಬೇಡಿಕೆಗಳೇ. ‘ಈ ಫೈಲಿಗೆ ಸಹಿ ಹಾಕುವವರು ಯಾರು’ ಎಂದು ಮೊದಲು ತಿಳಿದುಕೊಳ್ಳಿ. ಅದಕ್ಕೆ ಖರ್ಚು ಒಂದೆರಡು ಫೋನ್ ಕರೆ.

ಸಿವಿಸಿಆರ್‌ಎಂ ಎಂಬ ಪುಕ್ಕಟೆ ಸಾಫ್ಟ್‌ವೇರ್ ಕೂಡ ಇದೆ. ಮುಕ್ತ ತಂತ್ರಾಂಶ, ಸಂಸ್ಥೆಗಳಿಗಾಗಿಯೇ ಮಾಡಿದ್ದು, ಒಳ್ಳೆಯದೇ. ಆದರೆ ಅದನ್ನು ಹಾಕಲು ಸರ್ವರ್ ಬೇಕು, ನೋಡಿಕೊಳ್ಳಲು ಗೊತ್ತಿರುವವರು ಒಬ್ಬರು ಬೇಕು. ಆ ಒಬ್ಬರು ಮದುವೆಯಾಗಿ ಬೇರೆ ಊರಿಗೆ ಹೋದ ದಿನ ನಿಮ್ಮ ಪಟ್ಟಿಯೂ ಹೋದ ಹಾಗೆ. ಹತ್ತು ಸಾವಿರ ಬೆಂಬಲಿಗರು ಇಲ್ಲದವರಿಗೆ ಅದು ಬೇಡ.

ಫಾರ್ಮ್ ಹೇಗಿರಬೇಕು

ಗೂಗಲ್ ಫಾರ್ಮ್ ಎಲ್ಲರಿಗೂ ಗೊತ್ತು. ಪುಕ್ಕಟೆ, ಉತ್ತರಗಳು ನೇರ ಶೀಟಿಗೆ ಬಂದು ಬೀಳುತ್ತವೆ. ಆದರೆ ಚೆನ್ನಾಗಿ ಮಾಡಿದ ಫಾರ್ಮ್ ನೋಡಲು ಸಿಗುವುದು ಅಪರೂಪ.

ಮೊದಲ ಸಾಲಿನಲ್ಲೇ ಏನು ಕೇಳುತ್ತಿದ್ದೇವೆ, ಯಾರನ್ನು ಕೇಳುತ್ತಿದ್ದೇವೆ, ಯಾವಾಗ ಕೊಡುತ್ತೇವೆ ಎಂದು ಇರಬೇಕು. ‘ನಮ್ಮ ಆಸ್ಪತ್ರೆ ಉಳಿಸಿ’ ಎಂದರೆ ಅಧಿಕಾರಿಗೆ ಏನೂ ಅರ್ಥವಾಗುವುದಿಲ್ಲ. ‘ಇಂಥ ಆರೋಗ್ಯ ಕೇಂದ್ರಕ್ಕೆ ಕಾಯಂ ವೈದ್ಯರು ಬರುವ ತನಕ ವಾರಕ್ಕೆ ಮೂರು ದಿನ ನಿಯೋಜನೆ ಮೇಲೆ ಒಬ್ಬರನ್ನು ಕಳಿಸಿ’ ಎಂದರೆ ಅರ್ಥವಾಗುತ್ತದೆ, ಆಗುವ ಕೆಲಸವೂ ಹೌದು.

ಆಮೇಲೆ ಹೆಸರು, ಫೋನ್, ಹೋಬಳಿ, ಗ್ರಾಮ ಪಂಚಾಯಿತಿ, ಹಳ್ಳಿ. ಹೋಬಳಿಯನ್ನೂ ಪಂಚಾಯಿತಿಯನ್ನೂ ಬರೆಯಲು ಬಿಡಬೇಡಿ, ಪಟ್ಟಿಯಿಂದ ಆರಿಸಲು ಕೊಡಿ. ಬರೆಯಲು ಬಿಟ್ಟರೆ ಒಬ್ಬರು ‘ಕೆಂಚಮ್ಮನ ಹೊಸಕೋಟೆ’ ಎನ್ನುತ್ತಾರೆ, ಇನ್ನೊಬ್ಬರು ‘ಕೆ. ಹೊಸಕೋಟೆ’, ಮತ್ತೊಬ್ಬರು ಬರೀ ‘ಹೊಸಕೋಟೆ’, ನಾಲ್ಕನೆಯವರು ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ. ಶೀಟ್ ಇವುಗಳನ್ನು ನಾಲ್ಕು ಬೇರೆ ಊರು ಎಂದೇ ಎಣಿಸುತ್ತದೆ. ಕೊನೆಗೆ ‘ಯಾವ ಹೋಬಳಿಯಿಂದ ಎಷ್ಟು ಜನ’ ಎಂಬ ಲೆಕ್ಕ ತೆಗೆಯಲು ಕೂತರೆ ಒಂದು ರಾತ್ರಿ ಹೋಗುತ್ತದೆ.

ಇಷ್ಟರ ಜೊತೆ ಒಂದೇ ಒಂದು ಪ್ರಶ್ನೆ: ‘ಕಳೆದ ಸಲ ಹುಷಾರಿಲ್ಲದಾಗ ಎಲ್ಲಿಗೆ ಹೋದಿರಿ, ಹೋಗಿಬರಲು ಎಷ್ಟು ಖರ್ಚಾಯಿತು?’ ಬರೀ ಸಹಿಗಳ ರಾಶಿಗಿಂತ ಈ ಉತ್ತರಗಳಿಗೆ ತೂಕ ಜಾಸ್ತಿ. ಸಹಿ ಎಷ್ಟೇ ಇದ್ದರೂ ಅಧಿಕಾರಿ ಪಕ್ಕಕ್ಕಿಡಬಹುದು. ಪಾಳ್ಯ ಹೋಬಳಿಯ ಇಷ್ಟು ಮನೆಯವರು ಆಟೋಗೆ ಇಷ್ಟು ಕೊಟ್ಟು ಹಾಸನಕ್ಕೆ ಹೋಗಿದ್ದಾರೆ ಎಂಬ ಪಟ್ಟಿಯನ್ನು ಹಾಗೆ ಪಕ್ಕಕ್ಕಿಡುವುದು ಕಷ್ಟ. ಸ್ಥಳೀಯ ಪತ್ರಕರ್ತರಿಗೂ ಬೇಕಾಗುವುದು ಇದೇ.

ಸೆಟ್ಟಿಂಗ್‌ನಲ್ಲಿ ‘ಒಬ್ಬರಿಗೆ ಒಂದೇ ಉತ್ತರ’ ಎಂಬುದನ್ನು ಆನ್ ಮಾಡಬೇಡಿ. ಮಾಡಿದರೆ ಗೂಗಲ್ ಲಾಗಿನ್ ಕೇಳುತ್ತದೆ, ಒಂದೇ ಫೋನ್ ಇರುವ ಮನೆಯಲ್ಲಿ ಅಜ್ಜಿ, ಸೊಸೆ ಯಾರೂ ಸಹಿ ಹಾಕಲು ಆಗುವುದಿಲ್ಲ. ಎರಡೆರಡು ಸಲ ಹಾಕಿದವರನ್ನು ಆಮೇಲೆ ಹೆಸರು, ಫೋನ್ ಎರಡನ್ನೂ ಸೇರಿಸಿ ನೋಡಿ ತೆಗೆದರಾಯಿತು. ಶೀಟನ್ನು ಮಾತ್ರ ‘ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು’ ಎಂದು ಬಿಡಬೇಡಿ. ನೂರಾರು ಜನರ ಫೋನ್ ನಂಬರ್ ಅದರಲ್ಲಿದೆ.

ಕಳಸ, ಮೂಡಿಗೆರೆ, ಸಕಲೇಶಪುರದ ತೋಟಗಳ ಒಳಗೆ ನೆಟ್‌ವರ್ಕ್ ಸಿಗುವುದೇ ಕಷ್ಟ. ಅಲ್ಲಿಗೆ ಕೋಬೋಟೂಲ್‌ಬಾಕ್ಸ್ ಎಂಬ ಫಾರ್ಮ್ ಸಾಧನ ಒಳ್ಳೆಯದು. ಕಾರ್ಯಕರ್ತರು ತೋಟದ ಕಾರ್ಮಿಕರ ಲೈನ್ ಮನೆಗಳಿಗೆ ಹೋಗಿ ಫೋನಿನಲ್ಲೇ ತುಂಬಿಸಿಕೊಂಡು ಬಂದರೆ, ಸಿಗ್ನಲ್ ಸಿಕ್ಕ ಕಡೆ ಅದೇ ಕಳಿಸಿಬಿಡುತ್ತದೆ. ಸಣ್ಣ ಸಂಸ್ಥೆಗಳಿಗೆ ಪುಕ್ಕಟೆ ಖಾತೆ ಸಿಗುತ್ತದೆ, ಫಾರ್ಮ್ ಕನ್ನಡದಲ್ಲೂ ಮಾಡಬಹುದು.

ಪೋಸ್ಟರ್ ಮಾಡುವವರಿಗೆ ಒಂದು ಮಾತು. ‘ನುಡಿ’ ತಂತ್ರಾಂಶದ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಕಾಪಿ ಮಾಡಿ ವಾಟ್ಸ್ಆ್ಯಪ್‌ಗೆ ಹಾಕಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡ್‌ನಲ್ಲೇ ಟೈಪ್ ಮಾಡಿ. ನೋಟೋ ಸಾನ್ಸ್ ಕನ್ನಡ, ಬಾಲೂ ತಮ್ಮ ಎರಡೂ ಪುಕ್ಕಟೆ, ಸಣ್ಣ ಸ್ಕ್ರೀನಿನಲ್ಲೂ ಸ್ಪಷ್ಟವಾಗಿ ಕಾಣುತ್ತವೆ.

ವಾಟ್ಸ್ಆ್ಯಪ್, ಮಿಸ್ಡ್ ಕಾಲ್, ಎಸ್‌ಎಂಎಸ್

ಸಕಲೇಶಪುರ, ಆಲೂರು ಕಡೆ ಆನೆ ಹಿಂಡು ಎಲ್ಲಿದೆ ಎಂದು ಬೆಳಗ್ಗೆ ಎದ್ದು ನೋಡುವುದೇ ವಾಟ್ಸ್ಆ್ಯಪ್‌ನಲ್ಲಿ. ಜನರ ಕೈಯಲ್ಲಿ ಸಾಧನ ಆಗಲೇ ಇದೆ. ಹಾಗೆಂದು ಆ ಗುಂಪುಗಳಿಗೆ ನಿಮ್ಮ ಅಭಿಯಾನದ ಪೋಸ್ಟರ್ ಸುರಿಯಬೇಡಿ. ಆನೆ ಸುದ್ದಿಯ ನಡುವೆ ಬೇರೆ ಸಂದೇಶ ತುಂಬಿದರೆ ಜನ ಗುಂಪನ್ನು ಮ್ಯೂಟ್ ಮಾಡುತ್ತಾರೆ, ಅದರಿಂದ ಜೀವಕ್ಕೇ ಅಪಾಯ.

ವಾಟ್ಸ್ಆ್ಯಪ್ ಗುಂಪಿಗೆ 1,024 ಜನರ ಮಿತಿ. ಬ್ರಾಡ್‌ಕಾಸ್ಟ್ ಪಟ್ಟಿಗೆ 256. ಬ್ರಾಡ್‌ಕಾಸ್ಟ್‌ನಲ್ಲಿ ಒಂದು ಸಿಕ್ಕು ಇದೆ: ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ಮುಟ್ಟುತ್ತದೆ. ಅದಕ್ಕೇ ಫಾರ್ಮ್‌ನ ಕೊನೆಯ ಪುಟದಲ್ಲಿ ‘ಈ ನಂಬರನ್ನು ಸೇವ್ ಮಾಡಿಕೊಳ್ಳಿ’ ಎಂದು ದೊಡ್ಡದಾಗಿ ಹಾಕಬೇಕು. ಗುಂಪಾದರೆ ಅಡ್ಮಿನ್ ಮಾತ್ರ ಬರೆಯುವಂತೆ ಇಡಿ. ಇಲ್ಲದಿದ್ದರೆ ಒಂದು ವಾರದಲ್ಲಿ ಶುಭೋದಯದ ಹೂವುಗಳು ಅರಳುತ್ತವೆ, ಎರಡನೇ ವಾರ ರಾಜಕೀಯದ ಜಗಳ.

ಭಾರತದ ಸಂಸ್ಥೆಗಳಿಗಾಗಿ ಪ್ರಾಜೆಕ್ಟ್ ಟೆಕ್‌ಫೋರ್‌ಡೆವ್ ರೂಪಿಸಿದ ಗ್ಲಿಫಿಕ್ ಎಂಬ ಚಾಟ್‌ಬಾಟ್ ವ್ಯವಸ್ಥೆ ಇದೆ. ಜನ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಕಳಿಸಿದರೆ ಸಾಕು, ಪ್ರಶ್ನೆ ಕೇಳಿ ಉತ್ತರ ಬರೆದುಕೊಳ್ಳುತ್ತದೆ. ಆದರೆ ಇಂಥವು ನಡೆಯುವುದು ವಾಟ್ಸ್ಆ್ಯಪ್‌ನ ವ್ಯಾಪಾರಿ ದಾರಿಯಲ್ಲಿ, ಅಲ್ಲಿ ನೀವಾಗಿಯೇ ಕಳಿಸುವ ಸಂದೇಶಗಳಿಗೆ ದುಡ್ಡು ಬೀಳುತ್ತದೆ. ಹಲವು ತಾಲ್ಲೂಕುಗಳಲ್ಲಿ ವರ್ಷವಿಡೀ ಕೆಲಸ ಇರುವವರು ಯೋಚಿಸಬಹುದು.

ಮಿಸ್ಡ್ ಕಾಲ್ ನಮ್ಮ ನೆಲದಲ್ಲಿ ಬೆಳೆದ ಉಪಾಯ. ಇದನ್ನೇ ವ್ಯವಹಾರ ಮಾಡಿಕೊಂಡ ಬೆಂಗಳೂರಿನ ಜಿಪ್‌ಡಯಲ್ ಕಂಪನಿಯನ್ನು ಟ್ವಿಟರ್ 2015ರಲ್ಲಿ ಕೊಂಡುಕೊಂಡಿತು. ಕೀಪ್ಯಾಡ್ ಫೋನ್ ಇರುವವರೂ, ಓದಲು ಬಾರದವರೂ ಭಾಗವಹಿಸಬಹುದು, ಕರೆನ್ಸಿ ಖರ್ಚಾಗುವುದಿಲ್ಲ. ಎಕ್ಸೋಟೆಲ್‌ನಂಥ ಕಂಪನಿಗಳು ಇದಕ್ಕೆ ನಂಬರ್ ಬಾಡಿಗೆಗೆ ಕೊಡುತ್ತವೆ. ಒಂದು ತಾಲ್ಲೂಕಿನ ಕೆಲಸಕ್ಕೆ ಅಷ್ಟೂ ಬೇಡ. ಹಳೆಯ ಫೋನಿಗೆ ಹೊಸ ಸಿಮ್ ಹಾಕಿ ಆಫೀಸಿನಲ್ಲಿ ಇಟ್ಟು, ಸಂಜೆ ಒಬ್ಬರು ಕೂತು ಮಿಸ್ಡ್ ಕಾಲ್ ಪಟ್ಟಿ ನೋಡಿ ತಿರುಗಿ ಕರೆ ಮಾಡಿದರೆ ಆಯಿತು. ದುಡ್ಡು ಹಾಕುವುದಿದ್ದರೆ ಇಲ್ಲಿ ಹಾಕಿ, ಆ ಸಂಜೆ ಕರೆ ಮಾಡುವವರ ಗೌರವಧನಕ್ಕೆ. ‘ಅಮ್ಮಾ, ನೀವು ಮಿಸ್ಡ್ ಕಾಲ್ ಕೊಟ್ಟಿದ್ರಲ್ವಾ, ಯಾವ ಊರು ನಿಮ್ದು’ ಎಂದು ಶುರುವಾಗುವ ಎರಡು ನಿಮಿಷದ ಮಾತಿನಲ್ಲಿ ಸಿಗುವ ವಿವರ ಯಾವ ಫಾರ್ಮ್‌ನಲ್ಲೂ ಸಿಗುವುದಿಲ್ಲ.

ಬಲ್ಕ್ ಎಸ್‌ಎಂಎಸ್ ಅಗ್ಗ ಎಂದು ಕಾಣುತ್ತದೆ. ಆದರೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ, ಅಂದರೆ ಟ್ರಾಯ್‌ನ, 2018ರ ನಿಯಮದ ಪ್ರಕಾರ ಸಂಸ್ಥೆ ಮೊದಲು ಮೊಬೈಲ್ ಕಂಪನಿಗಳ ಡಿಎಲ್‌ಟಿ ಎಂಬ ನೋಂದಣಿ ವ್ಯವಸ್ಥೆಯಲ್ಲಿ ಹೆಸರು ದಾಖಲಿಸಬೇಕು. ಕಳಿಸುವವರ ಹೆಸರು, ಸಂದೇಶದ ಮಾದರಿ ಎರಡಕ್ಕೂ ಮುಂಚೆಯೇ ಒಪ್ಪಿಗೆ ಬೇಕು. ಜೊತೆಗೆ ಕನ್ನಡದ ಲೆಕ್ಕವೇ ಬೇರೆ. ಇಂಗ್ಲಿಷ್ ಎಸ್‌ಎಂಎಸ್ ಒಂದಕ್ಕೆ 160 ಅಕ್ಷರ ಹಿಡಿಸುತ್ತದೆ, ಕನ್ನಡದ್ದಕ್ಕೆ 70. ಅದರಲ್ಲೂ ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ‘ಸ್ವೀಕೃತಿ’ ನಮ್ಮ ಕಣ್ಣಿಗೆ ಮೂರು ಅಕ್ಷರ, ಎಸ್‌ಎಂಎಸ್ ಲೆಕ್ಕದಲ್ಲಿ ಎಂಟು. 70 ದಾಟಿದರೆ ಸಂದೇಶ 67ರ ತುಂಡುಗಳಾಗುತ್ತದೆ, ತುಂಡಿಗೊಂದು ಬಿಲ್. ನಾಲ್ಕು ಸಾಲಿನ ಕನ್ನಡ ಸಂದೇಶಕ್ಕೆ ಮೂರು ಎಸ್‌ಎಂಎಸ್‌ನ ದುಡ್ಡು ಹೋಗುವುದು ಹೀಗೆ. ಎಸ್‌ಎಂಎಸ್‌ ಅನ್ನು ‘ನಾಳೆ ಹತ್ತು ಗಂಟೆಗೆ ಗ್ರಾಮಸಭೆ ಇದೆ ಬನ್ನಿ’ ಎಂಬಂಥ ಮಾತಿಗೆ ಮಾತ್ರ ಇಟ್ಟುಕೊಳ್ಳಿ.

ಅರ್ಜಿ ಸೈಟು, ಇಮೇಲ್ ಮಳೆ

ಚೇಂಜ್ ಡಾಟ್ ಆರ್ಗ್‌ನಂಥ ಸೈಟಿನಲ್ಲಿ ಅರ್ಜಿ ಶುರು ಮಾಡಲು ದುಡ್ಡು ಬೇಡ. ಆದರೆ ಸಹಿ ಹಾಕಿದ ಮೇಲೆ ‘ಇಷ್ಟು ರೂಪಾಯಿ ಕೊಟ್ಟು ಈ ಅರ್ಜಿಯನ್ನು ಹೆಚ್ಚು ಜನಕ್ಕೆ ತಲುಪಿಸಿ’ ಎಂದು ಕೇಳುತ್ತದೆ. ಜನ ಸಂಸ್ಥೆಗೇ ದೇಣಿಗೆ ಕೊಟ್ಟೆವು ಅಂದುಕೊಳ್ಳುತ್ತಾರೆ. ಆ ದುಡ್ಡು ಹೋಗುವುದು ಸೈಟಿಗೆ, ಅರ್ಜಿಯ ಪ್ರಚಾರಕ್ಕೆ. ಇದನ್ನು ಬೆಂಬಲಿಗರಿಗೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ‘ನಾನು ಕೊಟ್ಟ ದುಡ್ಡು ಏನಾಯಿತು’ ಎಂಬ ಪ್ರಶ್ನೆ ನಿಮಗೇ ಬರುತ್ತದೆ. ಬ್ರಿಟನ್‌ನಲ್ಲಿ ಸಂಸತ್ತಿನದೇ ಅರ್ಜಿ ಸೈಟು ಇದೆ, 10,000 ಸಹಿಗೆ ಸರ್ಕಾರ ಉತ್ತರ ಕೊಡುತ್ತದೆ, 1 ಲಕ್ಷ ದಾಟಿದರೆ ಚರ್ಚೆಗೆ ಪರಿಗಣಿಸುತ್ತಾರೆ. ನಮ್ಮಲ್ಲಿ ಖಾಸಗಿ ಸೈಟಿನ ಸಹಿಗೆ ಅಂಥ ಯಾವ ಹಕ್ಕೂ ಇಲ್ಲ. ಲೋಕಸಭೆಗೆ ಅರ್ಜಿ ಮಂಡಿಸಬೇಕಾದರೆ ಸಂಸದರೊಬ್ಬರ ಮೇಲುರುಜು ಬೇಕು.

ಇನ್ನು ಇಮೇಲ್. ಇದರಲ್ಲಿ ಕಲಿಯುವಂಥದ್ದು 2015ರಲ್ಲೇ ನಡೆದುಹೋಗಿದೆ. ಆ ವರ್ಷ ಮಾರ್ಚ್‌ನಲ್ಲಿ ಟ್ರಾಯ್ ಇಂಟರ್ನೆಟ್ ಸೇವೆಗಳ ಬಗ್ಗೆ 20 ಪ್ರಶ್ನೆಗಳ ಚರ್ಚಾಪತ್ರ ಹೊರಡಿಸಿತು. ಎಲ್ಲ ಸೈಟುಗಳಿಗೂ ಇಂಟರ್ನೆಟ್‌ನಲ್ಲಿ ಒಂದೇ ನ್ಯಾಯ ಇರಲಿ ಎಂದು ಸ್ವಯಂಸೇವಕರು ಸೇರಿ ಸೇವ್ ದಿ ಇಂಟರ್ನೆಟ್ ಎಂಬ ಸೈಟು ಮಾಡಿ, ಆ ಪ್ರಶ್ನೆಗಳಿಗೆ ಒಂದೊಂದಾಗಿ ಉತ್ತರ ಬರೆದ ಮಾದರಿ ಪತ್ರ ಇಟ್ಟರು. 10 ಲಕ್ಷಕ್ಕೂ ಜಾಸ್ತಿ ಇಮೇಲ್ ಹೋದವು. ವರ್ಷದ ಕೊನೆಗೆ ಟ್ರಾಯ್ ಇನ್ನೊಂದು ಚರ್ಚಾಪತ್ರ ತಂದಾಗ ಫೇಸ್‌ಬುಕ್ ಕೂಡ ಅದೇ ದಾರಿ ಹಿಡಿಯಿತು, ಆಯ್ದ ಕೆಲವು ಸೈಟುಗಳನ್ನಷ್ಟೇ ಪುಕ್ಕಟೆ ತೋರಿಸುವ ತನ್ನ ಫ್ರೀ ಬೇಸಿಕ್ಸ್ ಯೋಜನೆಯ ಪರವಾಗಿ ಬಳಕೆದಾರರಿಂದ ಲಕ್ಷಗಟ್ಟಲೆ ಪತ್ರ ಕಳಿಸಿತು. ಆದರೆ ಆ ಪತ್ರಗಳಲ್ಲಿ ಟ್ರಾಯ್ ಕೇಳಿದ ಪ್ರಶ್ನೆಗೆ ಉತ್ತರ ಇರಲಿಲ್ಲ, ‘ನಮಗೆ ಫ್ರೀ ಬೇಸಿಕ್ಸ್ ಬೇಕು’ ಎಂಬ ಮಾತಷ್ಟೇ ಇತ್ತು. ಟ್ರಾಯ್ ಅದನ್ನು ನೇರವಾಗಿಯೇ ಆಕ್ಷೇಪಿಸಿತು. 2016ರ ಫೆಬ್ರುವರಿಯಲ್ಲಿ ಬಂದ ಆದೇಶ ಫ್ರೀ ಬೇಸಿಕ್ಸ್‌ನಂಥ ಯೋಜನೆಗಳನ್ನು ನಿಷೇಧಿಸಿತು. ಸಾಧನ ಎರಡೂ ಕಡೆ ಒಂದೇ, ದುಡ್ಡು ಒಂದು ಕಡೆ ಬೇಕಾದಷ್ಟಿತ್ತು.

ಇಮೇಲ್ ಮಳೆಗೆ ಅಪಾಯವೂ ಇದೆ. 2020ರ ಪರಿಸರ ಪರಿಣಾಮ ಅಂದಾಜು (ಇಐಎ) ಕರಡು ಅಧಿಸೂಚನೆಯ ವಿರುದ್ಧ ಕೇಂದ್ರ ಪರಿಸರ ಸಚಿವರ ಇಮೇಲ್‌ಗೆ ರಾಶಿ ರಾಶಿ ಪತ್ರ ಹೋದಾಗ, ಫ್ರೈಡೇಸ್ ಫಾರ್ ಫ್ಯೂಚರ್ ಸೇರಿದಂತೆ ಕೆಲವು ಗುಂಪುಗಳ ಸೈಟುಗಳೇ ಬಂದ್ ಆಗಿದ್ದವು. ಅದೇ ಕರಡಿನ ವಿಷಯದಲ್ಲಿ ನಮ್ಮ ಹೈಕೋರ್ಟ್ ಆಗಸ್ಟ್‌ನಲ್ಲಿ ಅಂತಿಮ ಅಧಿಸೂಚನೆಗೆ ತಡೆ ಕೊಟ್ಟಿತು. ಸ್ಥಳೀಯ ಭಾಷೆಯಲ್ಲಿ ಪ್ರಚಾರ ಸಾಲದು ಎಂಬುದು ಕಾರಣ. ಕರಡು ಕನ್ನಡದಲ್ಲಿ ಸಿಗದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪ ಆಗಬಹುದು.

ಇದು ದೂರದ ಕಥೆ ಅಲ್ಲ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶದ ಕರಡು 2024ರ ಜುಲೈ 31ರಂದು ಆರನೇ ಸಲ ಬಂದಾಗ ಆಕ್ಷೇಪಕ್ಕೆ ಇದ್ದದ್ದು 60 ದಿನ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರಲ್ಲಿದೆ, ನಮ್ಮ ಎರಡೂ ಜಿಲ್ಲೆಗಳ ಹಳ್ಳಿಗಳಿವೆ. ಪರ ಇರಲಿ, ವಿರೋಧ ಇರಲಿ, ಒಂದೇ ಪತ್ರವನ್ನು ಸಾವಿರ ಜನ ಫಾರ್ವರ್ಡ್ ಮಾಡುವುದಕ್ಕಿಂತ ಹಳ್ಳಿಯ ಹೆಸರು, ಅಲ್ಲಿನ ಪರಿಸ್ಥಿತಿ ಬರೆದ ಐವತ್ತು ಪತ್ರ ಮೇಲು. ಇಷ್ಟಕ್ಕೆ ಸಾಮಾನ್ಯ ಜಿಮೇಲ್ ಸಾಕು, ದಿನಕ್ಕೆ 500 ಇಮೇಲ್ ಬಿಡುತ್ತದೆ.

ಸಂಸ್ಥೆಗಳಿಗೆ ಸಿಗುವ ರಿಯಾಯಿತಿ

ನೋಂದಾಯಿತ ಸಂಸ್ಥೆಗೆ ಗೂಗಲ್ ವರ್ಕ್‌ಸ್ಪೇಸ್ ಪುಕ್ಕಟೆ, ಪೋಸ್ಟರ್ ಮಾಡುವ ಕ್ಯಾನ್ವಾದ ದುಡ್ಡಿನ ಆವೃತ್ತಿಯೂ ಪುಕ್ಕಟೆ. ಇವೆರಡಕ್ಕೆ ಅರ್ಜಿ ಹಾಕಿ, ದಾಖಲೆ ಸರಿ ಇದ್ದರೆ ಸಿಗುತ್ತವೆ. ಗೂಗಲ್ ತಿಂಗಳಿಗೆ 10,000 ಡಾಲರ್‌ವರೆಗಿನ ಜಾಹೀರಾತನ್ನೂ ಕೊಡುತ್ತದೆ. ಕೇಳಲು ಚೆನ್ನಾಗಿದೆ, ಅಲ್ವಾ? ಆದರೆ ಅದು ಹುಡುಕಾಟದ ಪಕ್ಕದಲ್ಲಿ ಬರುವ ಜಾಹೀರಾತಿಗೆ ಮಾತ್ರ. ಆಲೂರಿನ ಆರೋಗ್ಯ ಕೇಂದ್ರದ ವೈದ್ಯರ ಬಗ್ಗೆ ಗೂಗಲ್‌ನಲ್ಲಿ ಹುಡುಕುವವರು ಎಷ್ಟು ಜನ? ಫೇಸ್‌ಬುಕ್‌ನಲ್ಲಿ ಐನೂರು ರೂಪಾಯಿಗೆ ಬೂಸ್ಟ್ ಮಾಡೋಣ ಎಂದರೆ, ಸಾಮಾಜಿಕ ವಿಷಯದ ಜಾಹೀರಾತಿಗೆ ಗುರುತಿನ ಪರಿಶೀಲನೆ ಆಗಿರಬೇಕು. ಅದನ್ನು ಮುಂಚೆಯೇ ಮಾಡಿಸಿಟ್ಟುಕೊಳ್ಳಿ.

ದೇಣಿಗೆ ಕೇಳುವಾಗ ಒಂದು ಎಚ್ಚರ. ವಿದೇಶಿ ದೇಣಿಗೆ ಕಾಯ್ದೆಯ (ಎಫ್‌ಸಿಆರ್‌ಎ) ನೋಂದಣಿ ಇಲ್ಲದೆ ವಿದೇಶಿ ದೇಣಿಗೆ ತೆಗೆದುಕೊಳ್ಳುವಂತಿಲ್ಲ. ಅಮೆರಿಕದಲ್ಲಿರುವ ಊರಿನ ಹುಡುಗ ಇನ್ನೂ ಭಾರತದ ಪೌರನಾಗಿದ್ದು, ತನ್ನ ದುಡ್ಡನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಅಲ್ಲಿನ ಪೌರತ್ವ ತೆಗೆದುಕೊಂಡಿದ್ದರೆ ಹೌದು, ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡ್ ಇದ್ದರೂ. ಕ್ಯೂಆರ್ ಕೋಡ್ ಹಂಚುವ ಮುಂಚೆ ಇದನ್ನು ಪೋಸ್ಟರ್‌ನಲ್ಲೇ ಬರೆದುಬಿಡಿ.

ಜನರ ಮಾಹಿತಿಯ ವಿಷಯಕ್ಕೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಇದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಬಂದಿವೆ, ಹಂತಹಂತವಾಗಿ ಜಾರಿಯಾಗುತ್ತಿವೆ. ಯಾಕೆ ತೆಗೆದುಕೊಳ್ಳುತ್ತಿದ್ದೇವೆ ಎಂದು ಹೇಳಿ ಒಪ್ಪಿಗೆ ಪಡೆಯಬೇಕು, ಆ ಸೂಚನೆ ಕನ್ನಡದಲ್ಲೂ ಸಿಗಬೇಕು, 18 ವರ್ಷದೊಳಗಿನವರಾದರೆ ಪೋಷಕರ ಒಪ್ಪಿಗೆ ಬೇಕು. ಆರೋಗ್ಯ ಕೇಂದ್ರಕ್ಕೆ ಎಂದು ತೆಗೆದುಕೊಂಡ ನಂಬರಿಗೆ ಚುನಾವಣೆ ಹೊತ್ತಿನಲ್ಲಿ ಯಾರದೋ ಪ್ರಚಾರ ಕಳಿಸುವುದು ಕಾಯ್ದೆ ಇರಲಿ ಬಿಡಲಿ, ತಪ್ಪು.

ಟಪಾಲು ಕೌಂಟರ್

ಆನ್‌ಲೈನ್‌ನಲ್ಲಿ ಸೇರಿಸಿದ್ದನ್ನೆಲ್ಲ ಕೊನೆಗೆ ಪ್ರಿಂಟ್ ತೆಗೆಯಿರಿ. ಮೇಲೊಂದು ಪುಟದ ಮನವಿ, ಅದರ ಹಿಂದೆ ಹೋಬಳಿವಾರು ಲೆಕ್ಕ, ಅದರ ಹಿಂದೆ ಹೆಸರುಗಳು. ಫೋನ್ ನಂಬರ್ ಅಂಕಣ ತೆಗೆದುಹಾಕಿ. ಎರಡು ಪ್ರತಿ ಒಯ್ದು ಡಿಎಚ್‌ಒ ಕಚೇರಿಯ ಟಪಾಲು ವಿಭಾಗದಲ್ಲಿ ಒಂದು ಕೊಟ್ಟು, ಇನ್ನೊಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಸಾಹೇಬರ ಕೈಗೇ ಕೊಟ್ಟು ಫೋಟೊ ತೆಗೆಸಿಕೊಂಡು ಬಂದರೆ ಪತ್ರಿಕೆಗೆ ಸುದ್ದಿಯಾಗುತ್ತದೆ, ಆದರೆ ಸೀಲು ಇಲ್ಲದ ಮನವಿಯನ್ನು ಯಾವ ಗುಮಾಸ್ತರೂ ಹುಡುಕಿ ಕೊಡುವುದಿಲ್ಲ.

ಅದೇ ದಿನ ರಾಜ್ಯ ಸರ್ಕಾರದ ಜನಸ್ಪಂದನಕ್ಕೆ, ಅಂದರೆ 1902ಕ್ಕೆ, ಕರೆ ಮಾಡಿ ದೂರು ದಾಖಲಿಸಿ ನಂಬರ್ ತೆಗೆದುಕೊಳ್ಳಿ. ವಿಷಯ ಕೇಂದ್ರದ್ದಾದರೆ, ಉದಾಹರಣೆಗೆ ಶಿರಾಡಿ ಘಾಟಿಯ ರಾಷ್ಟ್ರೀಯ ಹೆದ್ದಾರಿ, ಕೇಂದ್ರ ಸರ್ಕಾರದ ದೂರು ಪೋರ್ಟಲ್ ಸಿಪಿಗ್ರಾಮ್ಸ್ ಇದೆ. 21 ದಿನದೊಳಗೆ ಇತ್ಯರ್ಥ ಮಾಡಬೇಕು ಎಂಬುದು 2024ರ ಸೂಚನೆ. ಸೀಲಿನ ಫೋಟೊ, ದೂರಿನ ನಂಬರ್ ಎರಡನ್ನೂ ಬೆಂಬಲಿಗರ ವಾಟ್ಸ್ಆ್ಯಪ್‌ಗೆ ಹಾಕಿ. ಸಹಿ ಹಾಕಿದವರಿಗೆ ಮುಂದೇನಾಯಿತು ಎಂದು ಹೇಳದ ಸಂಸ್ಥೆಗೆ ಎರಡನೇ ಸಲ ಸಹಿ ಸಿಗುವುದು ಕಷ್ಟ.

ಒಂದು ತಿಂಗಳಾದರೂ ಸದ್ದಿಲ್ಲದಿದ್ದರೆ ಆರ್‌ಟಿಐ. ಆನ್‌ಲೈನ್‌ನಲ್ಲೇ ಹಾಕಬಹುದು, ಶುಲ್ಕ 10 ರೂಪಾಯಿ, 30 ದಿನದಲ್ಲಿ ಉತ್ತರ ಬರಬೇಕು. ‘ಯಾಕೆ ವೈದ್ಯರನ್ನು ಹಾಕಿಲ್ಲ’ ಎಂದು ಕೇಳಬೇಡಿ, ಅದು ಮಾಹಿತಿ ಅಲ್ಲ ಎಂದು ತಳ್ಳಿಹಾಕುತ್ತಾರೆ. ‘ಇಂಥ ದಿನಾಂಕದ, ಇಂಥ ಟಪಾಲು ಸಂಖ್ಯೆಯ ಮನವಿಯ ಮೇಲೆ ಕಡತದಲ್ಲಿ ಬರೆದಿರುವ ಎಲ್ಲ ಟಿಪ್ಪಣಿಗಳ ನಕಲು ಕೊಡಿ’ ಎಂದು ಕೇಳಿ. ಕರ್ನಾಟಕದ ನಿಯಮದಲ್ಲಿ ಅರ್ಜಿ 150 ಪದ ದಾಟುವಂತಿಲ್ಲ, ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು. ಖಾಲಿ ಹುದ್ದೆಗಳ ಪಟ್ಟಿಯೂ ಬೇಕಿದ್ದರೆ ಅದಕ್ಕೆ ಬೇರೆ ಅರ್ಜಿ, ಬೇರೆ ಹತ್ತು ರೂಪಾಯಿ.